ಕಂಠಕ್ಕೆ ಮನ್ನಣೆ, ಪಾತ್ರಕ್ಕೆ ಬಣ್ಣ

ಕಥೆಯೆಲ್ಲವೂ ಹಾಡಿನಲ್ಲಿಯೇ ಸಾಗುವ ಪಾಶ್ಚಾತ್ಯರ ಅಪೆರಾ ನಮ್ಮ ಪಾರಿಶ್ವಾಡದ ಕಡೆಯ ರಸಿಕರಿಗೆ ಹೆಸರಿನಿಂದ ಅಪರಿಚಿತವಾದರೂ ಸ್ವಭಾವದಿಂದ ಅಪರಿಚಿತವಲ್ಲ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನೂ ಬೈಲಹೊಂಗಲ ಸೀಮೆಯ ಸಂಗ್ಯಾ-ಬಾಳ್ಯಾ ಸಣ್ಣಾಟವನ್ನೂ ಬೆಳಗಾಗುವ ತನಕ ಕುಳಿತು ಕೇಳಿದವರಿಗೆ, ದನಿಯೇ ಪಾತ್ರದ ಪ್ರಾಣವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ದನಿಯನ್ನು ಹೊತ್ತ ದೇಹ ಯಾವ ಬಣ್ಣದ್ದೆಂದು ರಂಗಭೂಮಿ ಮೊದಲು ನೋಡಿ ಆಮೇಲೆ ಕೇಳುವುದಾದರೆ, ಆ ಕೇಳ್ಮೆಗೆ ಏನು ಬೆಲೆ?

1939ರಲ್ಲಿ ವಾಷಿಂಗ್ಟನ್ನಿನ ಒಂದು ಪ್ರತಿಷ್ಠಿತ ಸಭಾಂಗಣವು ಮೇರಿಯನ್ ಆಂಡರ್ಸನ್ ಎಂಬ ಕಪ್ಪು ವರ್ಣದ ಗಾಯಕಿಗೆ ಬಾಗಿಲು ಮುಚ್ಚಿದಾಗ, ಆಕೆ ಲಿಂಕನ್ ಸ್ಮಾರಕದ ಮುಂದಣ ಬಯಲಿನಲ್ಲಿ ಸುಮಾರು 75,000 ಜನರೆದುರು ಹಾಡಿದುದು ಲೋಕವಿಖ್ಯಾತ. ವಿಮರ್ಶಕನು ನಿಂತು ನೋಡಬೇಕಾದುದು ಅದಕ್ಕೂ ಈಚಿನ ಒಂದು ರಾತ್ರಿಯನ್ನು. 1955ರ ಜನವರಿ 7ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಅಪೆರಾ ಆಕೆಯನ್ನು ರಂಗಕ್ಕೆ ಬರಮಾಡಿಕೊಂಡಿತು. ಆಗ ಆಕೆಗೆ ಐವತ್ತೆಂಟರ ಸಮೀಪ, ಕಂಠದ ಪ್ರಾಯ ಸಂದುಹೋಗಿತ್ತು. ಸಂಗೀತಕಾರ ವೆರ್ದಿಯ ಅಪೆರಾವೊಂದರಲ್ಲಿ ಆಕೆಗೆ ದೊರೆತ ಪಾತ್ರವಾದರೂ ಯಾವುದು? ಕಣಿ ಹೇಳುವ ಮಾಟಗಾತಿ ಉಲ್ರಿಕಾ, ಮೂಲ ಸಾಹಿತ್ಯದಲ್ಲಿಯೇ ಕರಿಯರ ರಕ್ತದವಳೆಂದು ಹೀಯಾಳಿಸಲ್ಪಟ್ಟವಳು. ಜಯಘೋಷವೇನೋ ಸಂದಿತು, ಬಾಗಿಲೂ ತೆರೆಯಿತು, ಆದರೆ ಅರ್ಧ. ಅದು ಪೂರ್ಣವಾಗಿ ತೆರೆದುದು 1961ರಲ್ಲಿ, ಕಪ್ಪು ವರ್ಣದ ಇನ್ನೊಬ್ಬ ಗಾಯಕಿ ಲಿಯೊಂಟೀನ್ ಪ್ರೈಸ್ ಅದೇ ರಂಗದಲ್ಲಿ ಸ್ಪೇನಿನ ಕುಲೀನ ಯುವತಿ ಲಿಯೊನೋರಾಳಾಗಿ ಹಾಡಿದಾಗ ಎಂದು ನನ್ನ ಮತ. ಅಲ್ಲಿ ಅವಳ ಮೈಬಣ್ಣಕ್ಕೆ ಕಥೆಯಲ್ಲಿ ಯಾವ ಕೆಲಸವೂ ಇರಲಿಲ್ಲ.

ಇದು ದೂರದ ದೇಶದ ಮಾತೆಂದು ಸುಮ್ಮನಿರುವಂತಿಲ್ಲ. ಖಾನಾಪುರದ ಕಾಡಂಚಿನಿಂದ ಹಳಿಯಾಳ, ಯಲ್ಲಾಪುರಗಳವರೆಗೆ ಹಬ್ಬಿರುವ ಸಿದ್ದಿಗಳು ಆಫ್ರಿಕ ಮೂಲದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದವರ ಸಂತತಿ ಅವರಲ್ಲಿ ಬಹಳ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರೆ, ಬೆಳಗಾವಿ, ಧಾರವಾಡಗಳವರು ಅದೇ ಮಾನ್ಯತೆಗಾಗಿ 2020ರ ತನಕ ಕಾಯಬೇಕಾಯಿತು. ಕಾಡಿನ ಗೆರೆ ಒಂದೇ ಆದರೂ ಜಿಲ್ಲೆಯ ಗೆರೆ ಬೇರೆ, ನೋಡಿ!

1980ರ ದಶಕದಲ್ಲಿ ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್, ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ, ಚಿನುವಾ ಅಚಿಬೆಯ ಪ್ರಸಿದ್ಧ ಆಫ್ರಿಕನ್ ಕಾದಂಬರಿಯನ್ನು ಮಂಚೀಕೇರಿಯ ಸಿದ್ದಿಗಳಿಂದಲೇ ರಂಗಕ್ಕೆ ತಂದಿತು. ಆ ಪ್ರಯೋಗದ ಔಚಿತ್ಯ ದೊಡ್ಡದು: ತಮ್ಮ ಪೂರ್ವಜರ ಖಂಡದ ಕಥೆಯನ್ನು ತಮ್ಮದೇ ಕುಣಿತ, ತಮ್ಮದೇ ದನಿಯಲ್ಲಿ ಆಡುವ ಅವಕಾಶವನ್ನು ಅವರಿಗೆ ಅದುವರೆಗೆ ಕೊಟ್ಟವರು ಯಾರು? ಆದರೂ ಅಲ್ಲಿ ಕರಿಯರು ಕರಿಯರನ್ನೇ ಆಡಿದರು. ಅದಕ್ಕಿಂತ ಫಲವತ್ತಾದುದೆಂದು ನಾನೆಣಿಸುವುದು ಮುಂದಿನ ಹೆಜ್ಜೆಯನ್ನು, ಎಂದರೆ ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿಯಂಥವರು ಅದೇ ಹೆಗ್ಗೋಡಿನಲ್ಲಿ ಕ್ರಮವಾದ ರಂಗಶಿಕ್ಷಣ ಪಡೆದುದನ್ನು. ನಾಟಕವೊಂದು ಮುಗಿದುಹೋಗುತ್ತದೆ, ಶಿಕ್ಷಣ ಆಳಿನೊಡನೆ ಉಳಿಯುತ್ತದೆ.

ಚಲನಚಿತ್ರವು ಇಷ್ಟು ದೂರ ಬಂದಿಲ್ಲ. 2021ರ ‘ಸಲಗ’ದಲ್ಲಿ ಸಿದ್ದಿ ಗಾಯಕರ ಹಾಡೊಂದು ನಾಡೆಲ್ಲ ಮೊಳಗಿದುದು ಸಂತೋಷವೇ, ಆದರೆ ಅದು ಸಿದ್ದಿಗಳನ್ನು ಸಿದ್ದಿಗಳೆಂದೇ ತೋರಿಸುವ ಹಾಡು. ಉತ್ಸವಗಳ ಮೆರವಣಿಗೆಯಂತೂ ಇನ್ನೂ ಹಿಂದೆ: ಸೊಪ್ಪು ಕಟ್ಟಿಸಿ, ಡಮಾಮಿ ವಾದ್ಯ ಬಾರಿಸಲು ಹೇಳಿ, ಕುಣಿಸಿ, ಶಾಲು ಹೊದಿಸಿ ಕಳಿಸಿಬಿಟ್ಟರೆ ಸಂಘಟಕರ ಕರ್ತವ್ಯ ತೀರಿತು. ಡಮಾಮಿ ಅವರ ಸ್ವಂತದ ಸಂಪತ್ತು, ಅದನ್ನು ಬಿಡಬೇಕೆಂದು ಯಾರೂ ಹೇಳರು. ಅದೊಂದನ್ನೇ ಅವರಿಂದ ಬೇಡುವುದು, ಬೇರಾವ ರಾಗಕ್ಕೂ ಅವರನ್ನು ಕರೆಯದಿರುವುದು, ಇದು ಗೌರವದ ವೇಷ ತೊಟ್ಟ ಅಲಕ್ಷ್ಯ.

ಪಾರಿಜಾತದ ಕೃಷ್ಣನನ್ನು ಮೇಘಶ್ಯಾಮನೆಂದು ಹಾಡಿ ಹೊಗಳುವೆವು. ಕಪ್ಪೇ ಮೈಬಣ್ಣವಾದ ಸಿದ್ದಿ ತರುಣನೊಬ್ಬ ಆ ಕಿರೀಟ ತೊಟ್ಟುದನ್ನು ನಾನಂತೂ ಕಂಡಿಲ್ಲ. ಸತ್ಯಭಾಮೆಯ ಪಾತ್ರ ಇನ್ನೂ ಒಳ್ಳೆಯ ಪರೀಕ್ಷೆ, ಅಲ್ಲಿ ಬಣ್ಣದ ನೆಪವೂ ಸಿಗದು. ಈ ಭಾಗದ ಪಾರಿಜಾತದ ಮೇಳಗಳು ಒಬ್ಬಿಬ್ಬರು ಸಿದ್ದಿ ಮಕ್ಕಳನ್ನು ಮೊದಲು ಹಿಮ್ಮೇಳದಲ್ಲಿ ಕೂರಿಸಿಕೊಳ್ಳಲಿ, ತಾಳ, ಪಟ್ಟು ಕಲಿಸಲಿ, ಉಳಿದವರಿಗೆ ಕೊಡುವಷ್ಟೇ ಸಂಭಾವನೆ ಕೊಡಲಿ, ದನಿ ಪಕ್ವವಾದ ದಿನ ಭಾಮೆಯನ್ನೋ ಕೃಷ್ಣನನ್ನೋ ಒಪ್ಪಿಸಲಿ. ಕರಪತ್ರದಲ್ಲಿ ಮಾತ್ರ ಅವರ ಜಾತಿಯನ್ನು ವಿಶೇಷ ಆಕರ್ಷಣೆಯೆಂದು ಅಚ್ಚು ಹಾಕಿಸದಿರಲಿ.