ನಷ್ಟ ಹೊರೋರು ಯಾರು? ಕುರನೂರಿನಿಂದ ಕಂಡ ವಿದ್ಯುತ್ ಖಾಸಗೀಕರಣ

ಅಭಿವೃದ್ಧಿಶೀಲ ದೇಶಗಳ ವಿದ್ಯುತ್ ಕ್ಷೇತ್ರದ ಬಗ್ಗೆ ಬಂದ ಬಹಳಷ್ಟು ಬರಹಗಳು ಒಂದೇ ಪ್ರಶ್ನೆಯ ಸುತ್ತ ತಿರುಗ್ತವೆ: ಸರಕಾರಿ ಒಳ್ಳೇದೋ, ಖಾಸಗಿ ಒಳ್ಳೇದೋ? ಈ ಪ್ರಶ್ನೆ ಸಾಲದು ಅನ್ನೋದು ನನ್ನ ವಾದ. ಅಕ್ಕಲಕೋಟ ತಾಲೂಕಿನ ಕುರನೂರಿನಿಂದ ನೋಡಿದರೆ ಕೇಳಬೇಕಾದದ್ದು ಬೇರೆ. ಲೆಕ್ಕ ತಪ್ಪಿದಾಗ ನಷ್ಟ ಹೊರೋರು ಯಾರು?

1993ರಲ್ಲಿ ವಿಶ್ವಬ್ಯಾಂಕ್ ತನ್ನ ವಿದ್ಯುತ್ ನೀತಿ ಪ್ರಕಟಿಸಿತು. ಮಂಡಳಿಗಳನ್ನು ಕಂಪನಿ ಮಾಡಿ, ಖಾಸಗಿ ಬಂಡವಾಳಕ್ಕೆ ಜಾಗ ಕೊಡಿ ಅನ್ನೋದು ಅದರ ತಿರುಳು. ಅದೇ ವರ್ಷ ಮಹಾರಾಷ್ಟ್ರದ ವಿದ್ಯುತ್ ಮಂಡಳಿ ಎನ್ರಾನ್‌ನ ದಾಭೋಳ ಕಂಪನಿ ಜೊತೆ ಖರೀದಿ ಒಪ್ಪಂದಕ್ಕೆ ಸಹಿ ಹಾಕಿತು. ಆ ಯೋಜನೆ ಆರ್ಥಿಕವಾಗಿ ನಿಲ್ಲೋದಿಲ್ಲ ಅಂತ ಸಾಲ ನಿರಾಕರಿಸಿದ್ದೂ ಇದೇ ವಿಶ್ವಬ್ಯಾಂಕ್. ದರವನ್ನು ಡಾಲರಿಗೆ ಕಟ್ಟಲಾಗಿತ್ತು. ಕರೆಂಟ್ ತಗೊಳ್ಳಲಿ ಬಿಡಲಿ, ಸ್ಥಾವರದ ಸಾಮರ್ಥ್ಯಕ್ಕೆ ಮಂಡಳಿ ಹಣ ಕೊಡಲೇಬೇಕಿತ್ತು. ಅದರ ಮೇಲೆ ರಾಜ್ಯದ ಖಾತರಿ, ಕೇಂದ್ರದ ಪ್ರತಿಖಾತರಿ. 1999ರಲ್ಲಿ ಉತ್ಪಾದನೆ ಶುರುವಾಯ್ತು. 2001ರಲ್ಲಿ ಮಂಡಳಿ ಖರೀದಿ ನಿಲ್ಲಿಸಿತು. ಇದನ್ನು ಬರೀ ಖಾಸಗೀಕರಣದ ಸೋಲು ಅಂದ್ರೆ ಅರ್ಧ ಮಾತು. ಲಾಭ ಖಾಸಗಿಯಾಗಿತ್ತು, ಅಪಾಯವನ್ನು ಮಾತ್ರ ಜನರ ಖಾತೆಗೆ ಬರೆದಿದ್ದರು.

ಈಗ ಕುರನೂರಿಗೆ ಬರೋಣ. 2003ರ ವಿದ್ಯುತ್ ಕಾಯ್ದೆಯ ನಂತರ, 2005ರಲ್ಲಿ ಮಂಡಳಿ ಒಡೆದು ಕಂಪನಿಗಳಾದವು. ಇಲ್ಲಿ ಲೈಟ್ ಬಿಲ್ ಕೊಡೋದು ಮಹಾವಿತರಣ. ಹೆಸರಿಗೆ ಕಂಪನಿ, ಮಾಲೀಕ ಸರಕಾರವೇ. ಬೋರಿ ನದಿಗೆ ಅಣೆಕಟ್ಟು ಕಟ್ಟಿದ ಊರಿದು. ಆದರೆ ನೀರಿದ್ದರಷ್ಟೇ ಸಾಲದು, ಮೋಟರು ತಿರುಗಬೇಕು. ಹೊಲದ ಕರೆಂಟ್ ಹಗಲು-ರಾತ್ರಿ ಪಾಳಿಯಲ್ಲಿ ಬರ್ತದೆ. ಮೀಟರ್ ಇಲ್ಲದ ಪಂಪಿಗೆ ಬಿಲ್ ಹಾಕೋದು ಅಶ್ವಶಕ್ತಿಯ ಮೇಲೆ, ಬಂದ ಕರೆಂಟಿನ ಮೇಲಲ್ಲ. ದಾಭೋಳದ ಸಾಮರ್ಥ್ಯ ಶುಲ್ಕಕ್ಕೂ ಇದಕ್ಕೂ ಹೋಲಿಕೆ ಇದೆ ನೋಡ್ರಿ: ಎರಡರಲ್ಲೂ ಬಳಕೆಗೂ ಹಣಕ್ಕೂ ಸಂಬಂಧವಿಲ್ಲ, ಎರಡರಲ್ಲೂ ಖಾತರಿ ಇರೋದು ಮಾರುವವನಿಗೆ.

2024ರಿಂದ ಮಹಾರಾಷ್ಟ್ರ 7.5 ಅಶ್ವಶಕ್ತಿವರೆಗಿನ ಪಂಪುಗಳಿಗೆ ಬಿಲ್ ಮಾಫ್ ಮಾಡಿದೆ. ಗಡಿಯಾಚೆ ಕರ್ನಾಟಕದಲ್ಲಿ 2008ರಿಂದಲೇ 10 ಅಶ್ವಶಕ್ತಿವರೆಗೆ ಉಚಿತ. ಇದು ದೊಡ್ಡ ನೆರವು, ನಿಜ. ಆದರೆ ಬಿಲ್ ಹೋದರೆ ಕರೆಂಟ್ ಬರೋ ಖಾತರಿ ಸಿಕ್ಕಂತಾಗಲಿಲ್ಲ. ಡಿಪಿ ಸುಟ್ಟು ದುರಸ್ತಿ ತಡವಾದರೆ ಆಯೋಗದ ನಿಯಮದಲ್ಲಿ ಪರಿಹಾರ ಉಂಟು. ಅದು ತಡವಾದ ತಾಸಿನ ಲೆಕ್ಕ, ಒಣಗಿದ ಬೆಳೆಯ ಲೆಕ್ಕ ಅಲ್ಲ.

ಹಾಗಾಗಿ ಸಂಶೋಧಕರಲ್ಲಿ ನನ್ನ ವಿನಂತಿ ಇಷ್ಟೇ. ಷೇರು ಯಾರ ಕೈಯಲ್ಲಿದೆ ಅಂತ ಬರೆಯೋದರ ಜೊತೆಗೆ ಒಪ್ಪಂದ, ದರಪಟ್ಟಿ, ಪರಿಹಾರದ ನಿಯಮ ಮೂರನ್ನೂ ಒಟ್ಟಿಗೆ ಓದಬೇಕು. ನಾಳೆ ವಿತರಣೆ ಖಾಸಗಿಯಾದರೂ, ಸರಕಾರದಲ್ಲೇ ಉಳಿದರೂ, ಕುರನೂರಿನ ರೈತ ಕೇಳೋದು ಅದನ್ನೇ. ಇಲ್ಲಿಗೆ ನಿಲ್ಲಿಸ್ತೀನಿ, ಪ್ರಶ್ನೆಗಳಿದ್ದರೆ ಮಾತಾಡೋಣ.