ಅಳತೆಗೋಲು ಬದಲಾದಾಗ

ನಮ್ಮ ಹಿರಿಯರು ಕಾಗದ ಬರೆಯುವಾಗ "ಉಭಯ ಕುಶಲೋಪರಿ" ಎಂದು ಆರಂಭಿಸುತ್ತಿದ್ದರು. ಆ ಕುಶಲವೆಂದರೆ ಏನೆಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಒಬ್ಬೊಬ್ಬರದೂ ಒಂದೊಂದು ಉತ್ತರವಾಗುತ್ತಿತ್ತು. ಮೂವತ್ತರ ಹರೆಯದವನಿಗೆ ಎರಡು ದಿನದ ಜ್ವರವೇ ಅನಾಹುತ. ಎಪ್ಪತ್ತರಲ್ಲಿ ಅದೇ ಮನುಷ್ಯ, ಯಾರ ಕೈಯನ್ನೂ ಹಿಡಿಯದೆ ಮಹಡಿ ಹತ್ತಿದ ದಿನ "ಚೆನ್ನಾಗಿದ್ದೇನೆ" ಎನ್ನುತ್ತಾನೆ. ಬದಲಾದದ್ದು ದೇಹ ಮಾತ್ರವಲ್ಲ, ಅದನ್ನು ಅಳೆಯುವ ಕೋಲೂ ಹೌದು.

ಈ ಮಾತನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಪುಸ್ತಕವೊಂದಿದೆ. ಫ್ರಾನ್ಸಿನ ಝಾಂ-ದೊಮಿನಿಕ್ ಬೋಬಿ ಬರೆಸಿದ ಅದರ ಇಂಗ್ಲಿಷ್ ಹೆಸರು 'ದಿ ಡೈವಿಂಗ್ ಬೆಲ್ ಅಂಡ್ ದಿ ಬಟರ್‌ಫ್ಲೈ'. 'ಬರೆಸಿದ' ಎಂದದ್ದಕ್ಕೆ ಕಾರಣವುಂಟು. 'ಎಲ್' ಎಂಬ ಪ್ರಸಿದ್ಧ ಪತ್ರಿಕೆಯ ಸಂಪಾದಕನಾಗಿದ್ದ ಆತ 1995ರ ಡಿಸೆಂಬರ್ 8ರಂದು, ತನ್ನ 43ನೆಯ ವಯಸ್ಸಿನಲ್ಲಿ, ಮೆದುಳಿನ ಆಘಾತಕ್ಕೆ ತುತ್ತಾದ. ಎಚ್ಚರವಾದಾಗ ಬುದ್ಧಿ ನಿಚ್ಚಳವಾಗಿತ್ತು. ಮಾತು ಹೋಗಿತ್ತು, ಕೈಕಾಲು ಹೋಗಿದ್ದವು. ಮನಸ್ಸಿನಲ್ಲಿದ್ದುದನ್ನು ತಿಳಿಸಲು ಎಡಗಣ್ಣಿನ ರೆಪ್ಪೆಯೊಂದು ಉಳಿದಿತ್ತು. ಸಹಾಯಕಿ ಒಂದೊಂದೇ ಅಕ್ಷರ ಹೇಳುತ್ತ ಹೋಗುವಳು. ಬೇಕಾದ ಅಕ್ಷರ ಬಂದಾಗ ಆತ ರೆಪ್ಪೆ ಬಡಿಯುವನು. ಹೀಗೆ ಮುಗಿದ ಪುಸ್ತಕ ಹೊರಬಂದ ಕೆಲವೇ ದಿನಗಳಲ್ಲಿ, 1997ರ ಮಾರ್ಚ್ 9ರಂದು, ಆತ ತೀರಿಕೊಂಡ.

ಪ್ಯಾರಿಸಿನ ಕಾಫಿ ಮನೆಗಳಲ್ಲಿ ಜನ ತನ್ನನ್ನು ಜೀವವಿದ್ದೂ ಇಲ್ಲದ ತರಕಾರಿಯೆಂದು ಆಡಿಕೊಂಡದ್ದು ಬೋಬಿಯ ಕಿವಿಗೆ ಬೀಳುತ್ತದೆ. ಅದು ಆರೋಗ್ಯವಂತರ ಅಳತೆ. ಆತನ ಅಳತೆಯೇ ಬೇರೆ. ಬಾಯಲ್ಲಿ ತುಂಬುವ ಜೊಲ್ಲನ್ನು ನುಂಗಲು ಸಾಧ್ಯವಾದರೆ ಸಾಕು, ತನ್ನಂಥ ಸುಖಿ ಇನ್ನಿಲ್ಲವೆನ್ನುತ್ತಾನೆ. ಶಿಶುವಿನಂತೆ ತನ್ನನ್ನು ತೊಳೆದು ಹೊರಳಿಸುವುದು ಒಂದು ದಿನ ಅವನಿಗೆ ತಮಾಷೆ, ಮರುದಿನ ತಡೆಯಲಾಗದ ದುಃಖ. ದೇಹಸ್ಥಿತಿ ಎರಡು ದಿನವೂ ಒಂದೇ! ಪುಸ್ತಕದ ಸತ್ಯ ಇರುವುದು ಇಲ್ಲಿ. ಹಳೆಯ ಪ್ರವಾಸಗಳ, ಪ್ಯಾರಿಸ್ ಬದುಕಿನ ಕೆಲವು ಅಧ್ಯಾಯಗಳು ಪತ್ರಿಕಾ ಬರಹದ ಚುರುಕನ್ನು ದಾಟುವುದಿಲ್ಲ. ಆಸ್ಪತ್ರೆಯ ಪುಟಗಳಾದರೋ ಮರೆಯುವಂಥವಲ್ಲ. ಅಳುಕಿಲ್ಲ, ಉಪದೇಶವೂ ಇಲ್ಲ.

ಇದು ಒಬ್ಬ ಅಸಾಧಾರಣ ವ್ಯಕ್ತಿಯ ಮಾತಷ್ಟೇ ಎನ್ನೋಣವೇ? ಬೋಬಿಯೇ ಹುಟ್ಟುಹಾಕಿದ ಸಂಘದ ಇಂಥ ರೋಗಿಗಳನ್ನು ವೈದ್ಯ ಸಂಶೋಧಕರು ಪ್ರಶ್ನಿಸಿ, 2011ರಲ್ಲಿ ಉತ್ತರಗಳನ್ನು ಪ್ರಕಟಿಸಿದರು. ಲೆಕ್ಕಕ್ಕೆ ತೆಗೆದುಕೊಂಡ 65 ಮಂದಿಯಲ್ಲಿ 47 ಜನ ತಾವು ಸುಖಿಗಳೆಂದರು, 18 ಜನ ಅಲ್ಲವೆಂದರು. ಈ ಸ್ಥಿತಿಯಲ್ಲಿ ಹೆಚ್ಚು ಕಾಲ ಕಳೆದವರಲ್ಲಿ ಸುಖಿಗಳೆಂದವರು ಹೆಚ್ಚು. ಉತ್ತರಿಸದೆ ಉಳಿದವರ ಮನಸ್ಸು ಇದರಲ್ಲಿ ಸೇರಿಲ್ಲವೆಂಬುದನ್ನು ಮರೆಯಬಾರದು. ಆದರೂ ಹಾಸಿಗೆಯ ಪಕ್ಕ ನಿಂತು "ಹೀಗೆ ಬದುಕುವುದಕ್ಕಿಂತ ಹೋಗುವುದೇ ಮೇಲು" ಎಂದು ಪಿಸುಗುಟ್ಟುವ ನಮಗೆ ಇಷ್ಟು ಸಾಕು, ನಾಚಲು.

ಆದರೆ ಈ ನಾಣ್ಯಕ್ಕೆ ಇನ್ನೊಂದು ಮುಖವಿದೆ. ಅಮರ್ತ್ಯ ಸೇನರು 2002ರಲ್ಲಿ ಅದನ್ನು ಎತ್ತಿ ತೋರಿಸಿದರು. ಭಾರತದಲ್ಲಿ ಜನ ಹೆಚ್ಚು ಕಾಲ ಬಾಳುವ ಕೇರಳದಲ್ಲೇ ತಮಗೆ ಕಾಯಿಲೆಯಿದೆ ಎಂದವರು ಹೆಚ್ಚು. ಆಯುಷ್ಯ ಅಷ್ಟಿಲ್ಲದ ಬಿಹಾರದಲ್ಲಿ ಕಡಿಮೆ. ಶಾಲೆಯನ್ನೂ ವೈದ್ಯರನ್ನೂ ಕಾಣದವರು ನರಳುವುದೇ ಬಾಳಿನ ರೀತಿಯೆಂದು ತಿಳಿದುಬಿಡುತ್ತಾರೆ. ಇಲ್ಲಿಯೂ ಅಳತೆಗೋಲು ಮೋಟಾಗಿದೆ. ಆದರೆ ಅದನ್ನು ಮುರಿದದ್ದು ಇಲ್ಲದಿಕೆ.

ಎರಡು ತೃಪ್ತಿಗಳೂ ನೋಟಕ್ಕೆ ಒಂದೇ. ಒಂದು ಗೆದ್ದದ್ದು, ಇನ್ನೊಂದು ಸೋತು ಸುಮ್ಮನಾದದ್ದು. ಬೋಬಿಯ ಗೆಲುವಿನ ಹಿಂದೆ ಆಸ್ಪತ್ರೆಯಿತ್ತು, ಮಾತು ಕಲಿಸಲು ಹೆಣಗಿದವಳಿದ್ದಳು, ದಿನವೂ ಅಕ್ಷರ ಹೇಳಲು ತಾಳ್ಮೆಯುಳ್ಳವಳಿದ್ದಳು. 2011ರ ಉತ್ತರಗಳಲ್ಲೂ ಅಸುಖಕ್ಕೆ ಅಂಟಿಕೊಂಡಿದ್ದವುಗಳಲ್ಲಿ ಹೊರಗೆ ಓಡಾಡುವ ಅವಕಾಶದ ಕೊರತೆ, ಮನರಂಜನೆಯ ಕೊರತೆ ಸೇರಿದ್ದವು. ಇವು ವಿಧಿ ಕೊಟ್ಟವಲ್ಲ, ನಾವು ಕೊಡದವು.

ಆದ್ದರಿಂದ ರೋಗಿಯ ಬಾಳನ್ನು ಅಳೆಯುವ ಹಕ್ಕು ರೋಗಿಯದೇ; ಅವನನ್ನೇ ಕೇಳಬೇಕು, ನಾಳೆ ಮತ್ತೊಮ್ಮೆ ಕೇಳಬೇಕು. ಆದರೆ "ಚೆನ್ನಾಗಿದ್ದೇನೆ" ಎಂದನೆಂದು ಅವನಿಗೆ ಸಲ್ಲಬೇಕಾದುದನ್ನು ಕಡಿಮೆಮಾಡುವ ಹಕ್ಕು ಕೇಳಿದವನಿಗಿಲ್ಲ. ಉಭಯ ಕುಶಲವೆಂದರೆ ಇದೇ ಇರಬೇಕು.