‘ಚಂದಮಾಮ’ದ ಮಾಂತ್ರಿಕರು: ಪುಸ್ತಕಕ್ಕೂ ಬೆಳ್ಳಿತೆರೆಗೂ ನಡುವೆ

ಬನಹಟ್ಟಿಯ ನೇಕಾರರ ಓಣಿಯಲ್ಲಿ ಮಗ್ಗಗಳ ಸದ್ದು ನಿಲ್ಲುವುದು ವಿದ್ಯುತ್ತು ಹೋದಾಗ. ನನ್ನ ಬಾಲ್ಯದಲ್ಲಿ ಅಂಥ ರಾತ್ರಿಗಳಿಗೆಂದು ನಮ್ಮ ಮನೆಯಲ್ಲಿ ಹಳೆಯ ‘ಚಂದಮಾಮ’ದ ಸಂಚಿಕೆಗಳನ್ನು ಹೊಲಿದಿಟ್ಟ ಒಂದು ಸಂಪುಟವಿತ್ತು. ಕೊನೆಯ ಕಂತು ಮಾತ್ರ ಅದರಲ್ಲಿರಲಿಲ್ಲ. ಕುಂಡಲಿನೀ ದ್ವೀಪದ ಸೇನಾನಿ ಸಮರಸೇನನು ಏಕಾಕ್ಷಿ ಮಾಂತ್ರಿಕನ ಕೈಯಿಂದ ಪಾರಾದನೆಂಬುದು ನನಗೆ ತಿಳಿದದ್ದು ಅಧ್ಯಾಪಕನಾದ ಬಳಿಕ. ಅದೂ ತೆಲುಗು ಬಲ್ಲ ಮಿತ್ರರೊಬ್ಬರ ಬಾಯಿಂದ.

ಈ ಕಥಾಮಾಲೆಯ ಕರ್ತೃ ದಾಸರಿ ಸುಬ್ರಹ್ಮಣ್ಯಂ. 1954ರಲ್ಲಿ ‘ತೋಕಚುಕ್ಕ’, ಎಂದರೆ ಧೂಮಕೇತು, ಎಂಬ ಧಾರಾವಾಹಿಯಿಂದ ಆರಂಭಿಸಿ, ‘ಮಕರದೇವತ’, ‘ಕಂಚುಕೋಟ’, ‘ಜ್ವಾಲಾದ್ವೀಪಂ’, ‘ರಾಕಾಸಿಲೋಯ’, ‘ಪಾತಾಳದುರ್ಗಂ’, ‘ಶಿಥಿಲಾಲಯಂ’ ಮುಂತಾಗಿ ಒಂದು ಡಜನ್ನಿನಷ್ಟು ಕಾದಂಬರಿಗಳನ್ನು ಅವರು ಬರೆದರು. ಪತ್ರಿಕೆಯಲ್ಲಿ ಅವರ ಹೆಸರು ಅಚ್ಚಾಗುತ್ತಿರಲಿಲ್ಲ. ಕನ್ನಡಕ್ಕೆ ತಂದವರ ಹೆಸರೂ ನನ್ನ ಸಂಪುಟದಲ್ಲಿ ಎಲ್ಲಿಯೂ ಇಲ್ಲ.

ಈ ಅನಾಮಿಕ ಅನುವಾದಕರ ಋಣ ಸಣ್ಣದಲ್ಲ. ಕನ್ನಡ ‘ಚಂದಮಾಮ’ ಹೊರಟ 1949ರಲ್ಲಿ ನಮ್ಮ ಊರು ಮುಂಬಯಿ ಪ್ರಾಂತದಲ್ಲಿತ್ತು. ಮೈಸೂರು ಬೇರೆ, ಮಂಗಳೂರು ಬೇರೆ. ಏಕೀಕರಣಕ್ಕೆ ಏಳು ವರ್ಷ ಮೊದಲೇ ಮೂರು ಆಡಳಿತಗಳ ಮಕ್ಕಳು ಒಂದೇ ಕನ್ನಡವನ್ನು ಓದತೊಡಗಿದ್ದರು. ಯಾವ ಸೀಮೆಗೂ ಅಂಟದ, ಸಲೀಸಾದ ಕನ್ನಡ ಅದು. ಪಂಡಿತರು ಅದನ್ನು ಸಪ್ಪೆಯೆಂದಾರು. ಆದರೆ ಓದುವ ಅಭ್ಯಾಸವನ್ನು ಹಚ್ಚಿದ್ದು ಆ ಸಪ್ಪೆ ಕನ್ನಡವೇ.

2013ರ ಹೊತ್ತಿಗೆ ಪತ್ರಿಕೆ ನಿಂತುಹೋಯಿತು. 2010ರಲ್ಲಿ ಸುಬ್ರಹ್ಮಣ್ಯಂ ತೀರಿಕೊಂಡ ಮೇಲೆ ತೆಲುಗಿನಲ್ಲಿ ಅವರ ಧಾರಾವಾಹಿಗಳು ಪುಸ್ತಕರೂಪ ತಳೆದವು. ಕನ್ನಡ ಪುಸ್ತಕದಂಗಡಿಗಳಲ್ಲಿ ನಾನು ಅವನ್ನು ಕಂಡಿಲ್ಲ. ನನ್ನ ವಿದ್ಯಾರ್ಥಿಗಳು ಹ್ಯಾರಿ ಪಾಟರನ ಗೂಬೆಯನ್ನು ಬಲ್ಲರು. ಚತುರ್ನೇತ್ರ ಮಾಂತ್ರಿಕನ ಗೂಬೆಯನ್ನು ಅರಿಯರು.

ಇವು ತೆರೆಗೆ ಒಗ್ಗುವವೇ? ವಿಚಿತ್ರವೆಂದರೆ ಪತ್ರಿಕೆಯ ಒಡೆಯರಾದ ನಾಗಿರೆಡ್ಡಿ, ಚಕ್ರಪಾಣಿಯವರೇ ‘ಪಾತಾಳಭೈರವಿ’ (1951), ‘ಮಾಯಾಬಜಾರ್’ (1957) ಚಿತ್ರಗಳ ನಿರ್ಮಾಪಕರು. ಉಡುಪಿಯ ಉದ್ಯಾವರದಲ್ಲಿ ಹುಟ್ಟಿದ ಬಿ. ವಿಠಲಾಚಾರ್ಯರು ತೆಲುಗಿನಲ್ಲಿ ಮಾಂತ್ರಿಕರ ಚಿತ್ರಗಳಿಂದಲೇ ಹೆಸರಾದರು. ಆದರೂ ಮೂರು ಗಂಟೆಯ ಚಿತ್ರ ಈ ಕಥೆಗಳಿಗೆ ಸಲ್ಲದೆಂದು ನನ್ನ ಅಭಿಪ್ರಾಯ. ಕಂತಿನ ಕೊನೆಯಲ್ಲಿ ನಾಯಕನನ್ನು ಆಪತ್ತಿನ ಅಂಚಿಗೆ ತಂದು ನಿಲ್ಲಿಸುವುದೇ ಇವುಗಳ ಪ್ರಾಣ. ಆ ತಡೆಯನ್ನು ತೆಗೆದರೆ ಉಳಿಯುವುದು ಓಟ, ಹೋರಾಟ, ಮತ್ತೆ ಓಟ. ದೇವಕೀನಂದನ ಖತ್ರಿಯವರ 1888ರ ‘ಚಂದ್ರಕಾಂತಾ’ವನ್ನು 1994ರಲ್ಲಿ ದೂರದರ್ಶನ ವಾರವಾರವೂ ತೋರಿಸಿತು. ಮೂಲದಿಂದ ಅದು ಬಲು ದೂರ ಸರಿಯಿತೆಂಬುದು ನಿಜ. ಆದರೆ ಕಂತಿನ ಗುಟ್ಟನ್ನು ಅರಿತಿತ್ತು.

ದೋಷಗಳನ್ನೂ ಹೇಳಬೇಕು. ಸುಬ್ರಹ್ಮಣ್ಯಂ ಅವರಲ್ಲಿ ಸ್ತ್ರೀಪಾತ್ರಗಳು ಬಲು ವಿರಳ. ಸಮರಸೇನನಿಗೆ ಧೈರ್ಯವುಂಟು, ಅಂತರಂಗವಿಲ್ಲ. ರಕ್ತಮಾಂಸವೆಲ್ಲ ಮಾಂತ್ರಿಕರ ಪಾಲಿಗೆ! ತೆರೆಗೆ ಬರೆಯುವವರು ಇಲ್ಲಿ ಕೈಯಾಡಿಸಲೇಬೇಕು. ದುಡ್ಡು ಸುರಿದು ಕೃತಕ ದೈತ್ಯರನ್ನು ಸೃಷ್ಟಿಸುವುದರಿಂದ ಈ ಕೊರತೆ ತುಂಬದು. ನಮ್ಮ ಸೀಮೆಯ ಶ್ರೀಕೃಷ್ಣ ಪಾರಿಜಾತದ ಕಲಾವಿದರು ದ್ವಾರಕೆಯನ್ನು ಹಾಡಿನಿಂದಲೂ ಮಾತಿನಿಂದಲೂ ಕಟ್ಟುತ್ತಾರೆ. ಅಲ್ಲಿ ಸತ್ಯಭಾಮೆಯ ಮುನಿಸು ನಿಜವಾದ್ದರಿಂದ ಸ್ವರ್ಗದ ಹೂವೂ ನಿಜವಾಗುತ್ತದೆ.

ಇನ್ನು ಹಕ್ಕಿನ ಮಾತು. ಸಂಬಳಕ್ಕೆ ಬರೆದದ್ದೆಲ್ಲ ಪತ್ರಿಕೆಯ ಒಡೆಯನದೆಂಬ ಭಾವನೆ ನಮ್ಮಲ್ಲಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮು ಹಾಗೆನ್ನುವುದಿಲ್ಲ. ಬೇರೆ ಕರಾರಿಲ್ಲದಿದ್ದರೆ ಪತ್ರಿಕೆಯಲ್ಲಿ ಅಚ್ಚು ಹಾಕುವ ಹಕ್ಕು ಒಡೆಯನದು, ಉಳಿದದ್ದೆಲ್ಲ ಬರೆದವನದು. ಆ ಕಾಯಿದೆ ಜಾರಿಗೆ ಬಂದ ಮೇಲಿನ ಕಥೆಗಳ ಮಟ್ಟಿಗಾದರೂ, ಚಿತ್ರ ತೆಗೆಯುವವರು ಮೊದಲು ಕೇಳಬೇಕಾದ್ದು ಲೇಖಕರ ವಾರಸುದಾರರನ್ನು. ಕನ್ನಡ ಪಾಠಕ್ಕೂ ಇದೇ ನ್ಯಾಯ. ಆದರೆ ಅನುವಾದಕ ಯಾರೆಂದೇ ಗೊತ್ತಿಲ್ಲದಾಗ ಯಾರನ್ನು ಕೇಳುವುದು?

ಆದುದರಿಂದ ಪುಸ್ತಕ ಮೊದಲಾಗಲಿ, ತೆರೆ ಆಮೇಲೆ. ‘ಶಿಥಿಲಾಲಯಂ’ ಒಂದನ್ನಾದರೂ, ‘ಚಿತ್ರಾ’ ಎಂದು ರುಜು ಹಾಕುತ್ತಿದ್ದ ಟಿ. ವಿ. ರಾಘವನ್ ಅವರ ರೇಖಾಚಿತ್ರಗಳ ಸಮೇತ, ಹೊಸದಾಗಿ ಕನ್ನಡಿಸಿ, ಮುಖಪುಟದ ಮೇಲೆ ಲೇಖಕರ ಹೆಸರನ್ನೂ ಅನುವಾದಕರ ಹೆಸರನ್ನೂ ಅಚ್ಚು ಮಾಡುವ ಪ್ರಕಾಶಕರು ಮುಂದೆ ಬಂದರೆ, ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಹತ್ತು ಪ್ರತಿಗಳನ್ನು ಕೊಳ್ಳಿಸುವ ಹೊಣೆ ನನ್ನದು.